ಕಾಡುಕುರಿಯ ಅಳಿವು ಉಳಿವು ತೋಟದ ಬೇಲಿಯಲ್ಲಿ

ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡುಪ್ರಾಣಿಯ ಮಾತೆಂದರೆ ಈಗ ಆನೆಯ ಮಾತು. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು, 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು. ಸಂಘರ್ಷ ಮುಗಿಯಲಿಲ್ಲ. ಈ ಚರ್ಚೆಯಲ್ಲಿ ಕಾಡುಕುರಿಗೆ ಜಾಗವೇ ಇಲ್ಲ. ಅದು ಮನುಷ್ಯರನ್ನು ತುಳಿಯುವುದಿಲ್ಲ, ಪರಿಹಾರದ ಅರ್ಜಿಗೆ ಕಾರಣವಾಗುವುದಿಲ್ಲ. ಬಿಸಿಲೆ, ಕೆಂಪುಹೊಳೆಯ ಮೀಸಲು ಅರಣ್ಯದಲ್ಲಷ್ಟೇ ಅಲ್ಲ, ಅತ್ತಿ, ಬಸರಿ, ಹಲಸಿನ ನೆರಳಿರುವ ಕಾಫಿ ತೋಟದಲ್ಲೂ ಬದುಕಬಲ್ಲ ಜಿಂಕೆ ಇದು. ಆದ್ದರಿಂದಲೇ ಇದನ್ನು ಬೇಟೆಯಿಂದ ಉಳಿಸುವುದು ಅರಣ್ಯ ಇಲಾಖೆಯೊಂದರಿಂದ ಆಗುವ ಕೆಲಸವಲ್ಲ, ತೋಟದವರು ಮನಸ್ಸು ಮಾಡಿದರಷ್ಟೇ ಆದೀತು ಎಂಬುದು ನನ್ನ ವಾದ.

ಹೆಸರಿಗೆ ಕುರಿಯಾದರೂ ಇದು ಅಪ್ಪಟ ಜಿಂಕೆಯೇ. ತೂಕ ಹೆಚ್ಚೆಂದರೆ 25–28 ಕಿಲೊ. ಗಂಡಿಗೆ ಕೂದಲು ಮುಚ್ಚಿದ ಬುಡದ ಮೇಲೆ ಗೇಣುದ್ದವೂ ಇರದ ಕೊಂಬು, ತುಟಿಯಾಚೆ ಇಣುಕುವ ಕೋರೆ. ಹೆಣ್ಣಿನ ಜೀವಕೋಶದಲ್ಲಿ 6, ಗಂಡಿನದರಲ್ಲಿ 7 ವರ್ಣತಂತುಗಳು. ಸಸ್ತನಿಗಳಲ್ಲೇ ಅತಿ ಕಡಿಮೆ. ಈ ಸಂಗತಿ 1970ರಲ್ಲಿ ಪ್ರಕಟವಾದಾಗಿನಿಂದ ಜೀವವಿಜ್ಞಾನಿಗಳು ಬೆರಗಿನಿಂದ ನೋಡುತ್ತ ಬಂದಿರುವ ಪ್ರಾಣಿ ಇದು. ಅದರ ಸ್ವಭಾವವನ್ನು ಅವರಿಗಿಂತ ಚೆನ್ನಾಗಿ ತಿಳಿದವನು ಬೇಟೆಗಾರ. ಅದು ಉದುರಿದ ಹಣ್ಣಿಗೆ ಬರುತ್ತದೆಂದು ಮರದ ಮೇಲೆ ಮರಸು ಕೂರುತ್ತಾನೆ. ರೂಢಿಯಾದ ಜಾಡು ಬಿಡುವುದಿಲ್ಲವೆಂದು ಬೇಲಿಯ ಕಂಡಿಯಲ್ಲಿ ಉರುಳು ಕಟ್ಟುತ್ತಾನೆ. ಚಿರತೆಯ ಸುಳಿವು ಸಿಕ್ಕರೆ ನಾಯಿಯಂತೆ ಎಡೆಬಿಡದೆ ಬೊಗಳುವ ಅಭ್ಯಾಸ ಕೋವಿಗೂ ದಾರಿ ತೋರಿಸುತ್ತದೆ. ಇಷ್ಟರ ಮೇಲೆ ಅದು ಒಂಟಿಯಾಗಿ ಬದುಕುವ, ಸಾಮಾನ್ಯವಾಗಿ ಸೂಲಿಗೊಂದೇ ಮರಿ ಹಾಕುವ ಜೀವ. ಹಿಂಡಿದ್ದರೆ ಹಿಂಡು ಕರಗಿದ್ದು ಕಣ್ಣಿಗೆ ಬೀಳುತ್ತಿತ್ತು. ಒಂಟಿ ಪ್ರಾಣಿ ಇಲ್ಲವಾದದ್ದು ತಿಳಿಯುವುದು ಸಂಜೆಯ ಕೂಗು ನಿಂತು ಎಷ್ಟೋ ಕಾಲವಾದ ಮೇಲೆ.

ಬೆಳೆ ಕಾಯಲು ಕೋವಿ ಬೇಡವೇ ಎಂಬ ಪ್ರಶ್ನೆ ನ್ಯಾಯವಾದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಬೆಳೆ ರಕ್ಷಣೆಗೆ ಲೈಸೆನ್ಸ್ ಕೊಡಲು ಅವಕಾಶ ಇಟ್ಟಿದೆ. ಗದ್ದೆಗೆ ಹಂದಿ ನುಗ್ಗಿದ ರಾತ್ರಿಯ ನಷ್ಟವನ್ನು ಯಾವ ವಾದವೂ ತುಂಬಿಕೊಡದು. ಆದರೆ ಹಂದಿಯ ತಪ್ಪನ್ನು ಕಾಡುಕುರಿಯ ತಲೆಗೆ ಕಟ್ಟುವುದು ಹೇಗೆ? ಚಿಗುರಿಗೆ, ತರಕಾರಿಗೆ ಅದು ಬಾಯಿ ಹಾಕೀತು. ಗದ್ದೆಯನ್ನು ಬಗೆದು ಹಾಕುವುದಿಲ್ಲ, ಕಾಫಿ ಗಿಡ ಮುರಿಯುವುದಿಲ್ಲ. ಹಂದಿಗೆಂದು ಕಟ್ಟಿದ ಕೇಬಲ್ ಉರುಳು ಯಾವ ಪ್ರಾಣಿಯ ಕುತ್ತಿಗೆ ಎಂದು ನೋಡುವುದಿಲ್ಲ. ಹಂದಿ ಒಂದೇ ಸೂಲಿಗೆ ನಾಲ್ಕಾರು ಮರಿ ಹಾಕಿ ತನ್ನ ನಷ್ಟ ತುಂಬಿಕೊಳ್ಳುತ್ತದೆ, ಕಾಡುಕುರಿಗೆ ಅದು ಸಾಧ್ಯವಿಲ್ಲ. ಇನ್ನು ಶಿಕಾರಿ ಮಲೆನಾಡಿನ ಸಂಪ್ರದಾಯ ಎನ್ನುವವರಿದ್ದಾರೆ. ನಾಯಿ ಬಿಟ್ಟು ಹಳು ನುಗ್ಗಿಸಿದಾಗ ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿಯಾದರೂ ಇತ್ತು. ಟಾರ್ಚಿನ ಬೆಳಕಿಗೆ ಕಣ್ಣು ಕುಕ್ಕಿ ನಿಂತ ಜೀವಕ್ಕೆ ಗುಂಡು ಹೊಡೆಯುವುದನ್ನು ಆ ಹೆಸರಿನಿಂದ ಕರೆಯಲಾಗದು.

ಅಳಿವಿನಂಚಿಗೆ ಬಾರದ ಪ್ರಾಣಿಗೆ ಇಷ್ಟು ಕಳವಳವೇಕೆ ಎಂದೂ ಕೇಳಬಹುದು. ಜಾಗತಿಕ ಪಟ್ಟಿಯಲ್ಲಿ ಅದು ಆತಂಕವಿಲ್ಲದ ಗುಂಪಿನಲ್ಲಿರುವುದು ನಿಜ. ಇಂಗ್ಲೆಂಡಿನಲ್ಲಂತೂ ಚೀನಾ ಮೂಲದ ಇದರ ಸೋದರ ಜಾತಿ ವೋಬರ್ನ್ ಎಂಬ ಎಸ್ಟೇಟಿನಿಂದ ಹೊರಬಿದ್ದು, ಹಬ್ಬಿ, ಪೀಡೆಯಾಗಿದೆ. ಅಲ್ಲಿ ಚಿರತೆಯಿಲ್ಲ, ಇಲ್ಲಿದೆ. ಕಾಡುಕುರಿ ಸಿಗದ ಚಿರತೆ ಊರಿನ ನಾಯಿ, ಕರುಗಳತ್ತ ತಿರುಗಿದರೆ ಆಶ್ಚರ್ಯವೇನು? ನೆಲ್ಲಿಕಾಯಿ ನುಂಗಿ, ಬೇರೆಡೆ ಮಲಗಿ ಮೆಲುಕು ಹಾಕುವಾಗ ಬೀಜ ಉಗುಳಿ ಮರ ಹಬ್ಬಿಸುವ ಕೆಲಸವೂ ಈ ಪ್ರಾಣಿಯದೇ. 1972ರ ವನ್ಯಜೀವಿ ಕಾಯ್ದೆ ಖಾಸಗಿ ತೋಟಕ್ಕೂ ಅನ್ವಯಿಸುತ್ತದೆ, ಆದರೆ ಫಾರೆಸ್ಟ್ ಗಾರ್ಡ್ ಪ್ರತಿ ಬೇಲಿಯನ್ನೂ ಸುತ್ತಲಾರ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಒಂದು ಸಾಲನ್ನೂ ಬಿಡದೆ ನಡೆಯುವವರು ಅಲ್ಲಿನ ಕೆಲಸಗಾರರು. ಈ ಸಲದ ಕೊಯ್ಲಿನಲ್ಲಿ ಕಂಡ ಉರುಳನ್ನೆಲ್ಲ ಅವರಿಂದ ಕೀಳಿಸಿ ಅರಣ್ಯ ಇಲಾಖೆಗೆ ಒಪ್ಪಿಸಬೇಕೆಂದು ಬೆಳೆಗಾರರನ್ನು ಕೇಳಿಕೊಳ್ಳುತ್ತೇನೆ.