ದಿಮ್ಮಿಮನೆಯ ಮರುಳು

ಅಂಕೋಲೆಯ ಗುಡ್ಡದಂಚಿನಲ್ಲಿ ಮರದ ದಿಮ್ಮಿಗಳ ಮನೆ ಕಟ್ಟುವ ಹುಚ್ಚು ನನಗೂ ಇತ್ತು. ಈಗ ‘ಪ್ರಕೃತಿಗೆ ಹತ್ತಿರ’ ಎಂಬ ಮಾತು ಕೇಳಿದರೆ ಸಿಟ್ಟು ಬರುತ್ತದೆ. ದಿಮ್ಮಿಮನೆ ಚಳಿನಾಡಿನದು, ದಪ್ಪ ಮರ ಅಲ್ಲಿ ಬೆಚ್ಚಗಿಡುತ್ತದೆ. ಕಾರವಾರದ ಸೆಕೆಗೆ ಬೇಕಾದದ್ದು ಗಾಳಿ. ಇಲ್ಲಿಯ ಮಳೆಗಾಲದಲ್ಲಿ ನೆನೆದ ಮರಕ್ಕೆ ಬೂಷ್ಟು, ನೆಲ ಮುಟ್ಟಿದ ಮರಕ್ಕೆ ಗೆದ್ದಲು. ನಮ್ಮ ಹಿರಿಯರು ಗೋಡೆಗೆ ಚಿರೆಕಲ್ಲು ಇಟ್ಟರು. ಮರವನ್ನು ತೊಲೆ, ಪಕಾಸು ಮಾಡಿ ಹಂಚಿನಡಿ ಒಣಗಿರಿಸಿದರು. ಇಂದು ಕೊಳ್ಳುವವರು ಪಾಲಿಶ್ ನೋಡುತ್ತಾರೆ, ನೆಲ ನೋಡುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತರು. ಗುಡ್ಡದ ಬುಡ ಕಡಿದಿದ್ದಾರೆಯೇ? ಮಳೆನೀರಿಗೆ ದಾರಿಯಿದೆಯೇ? ಉಬ್ಬರದ ಗೆರೆ ಎಷ್ಟು ದೂರ? ಇವಕ್ಕೆ ಉತ್ತರ ಸಿಗದೆ ಮುಂಗಡ ಕೊಡಬೇಡಿ. ನನಗೆ ಸಿಗಲಿಲ್ಲ, ನಾನು ಕಟ್ಟಲಿಲ್ಲ.