ಆಟಕ್ಕ ಜಾತಿ ಇಲ್ಲ ಅನ್ನೋರಿಗೆ



ನಿನ್ನೆ ಆಫೀಸಿನಾಗ ಚಹಾ ಕುಡಿಯೋ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಮೊಬೈಲ್ ತಂದು ಮುಂದೆ ಹಿಡಿದ್ರು. 1994ರ ಫುಟ್‌ಬಾಲ್ ವರ್ಲ್ಡ್ ಕಪ್, ಐರ್ಲೆಂಡ್–ಇಟಲಿ ಮ್ಯಾಚಿನ ವಿಡಿಯೋ. ಐರ್ಲೆಂಡಿನ ಪಾಲ್ ಮೆಗ್ರಾ ಅನ್ನೋ ಕಪ್ಪು ಮೈಬಣ್ಣದ ಡಿಫೆಂಡರ್ ಇಟಲಿಯವರ ಒಂದೊಂದು ದಾಳಿಗೂ ಗೋಡೆ ಹಂಗ ಅಡ್ಡ ನಿಂತಾನ. ಐರ್ಲೆಂಡ್ 1–0 ಗೆದ್ದಿತು. "ನೋಡ್ರಿ, ಆಟಕ್ಕ ಜಾತಿ ಇಲ್ಲ, ಬಣ್ಣ ಇಲ್ಲ. ಪ್ರತಿಭೆ ಇದ್ರ ಸಾಕು. ನೀವು ಎಲ್ಲಾದ್ರಾಗೂ ಜಾತಿ ತರ್ತೀರಿ" ಅಂದ್ರು.

ಅಲ್ಲಿ ಫೈಲು ಕಾಯ್ತಿದ್ವು, ಸುಮ್ಮನಾದೆ. ಉತ್ತರ ಇಲ್ಲಿ ಕೊಡ್ತೀನಿ.

ಸರ್, ನೀವು ತೋರಿಸಿದ್ದು ತೊಂಬತ್ತು ನಿಮಿಷದ ಮೆಗ್ರಾನನ್ನ. ಉಳಿದ ಬದುಕೂ ನೋಡ್ರಿ. 1959ರಲ್ಲಿ ಹುಟ್ಟಿದವ. ತಾಯಿ ಐರಿಷ್, ತಂದೆ ನೈಜೀರಿಯಾದವ. ಮದುವೆಯಾಗದ ಹೆಣ್ಣು, ಅದರಾಗ ಕಪ್ಪು ಕೂಸು. ಆ ಸಮಾಜಕ್ಕ ಹೆದರಿ ತಾಯಿ ಹುಟ್ಟಿದ ಕೆಲವೇ ವಾರದಾಗ ಕೂಸನ್ನ ಬೇರೆಯವರ ಕೈಗೆ ಕೊಡಬೇಕಾಯ್ತು. ಹುಡುಗ ಡಬ್ಲಿನ್ ಕಡೆಯ ಅನಾಥಾಲಯಗಳಲ್ಲಿ ಬೆಳೆದ, ಬಣ್ಣದ ಮೇಲಿನ ಬೈಗುಳ ತಿಂತಾ ಬೆಳೆದ. 1982ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ. ಮೊಣಕಾಲು ಕೆಟ್ಟಿತು, ಕುಡಿತ ಹತ್ತಿತು, 1989ರಲ್ಲಿ ಆ ಕ್ಲಬ್ ಅವನನ್ನ ಆಸ್ಟನ್ ವಿಲ್ಲಾಕ್ಕ ಮಾರಿತು. ಅದೇ ಕೆಟ್ಟ ಮೊಣಕಾಲಿನಾಗ ಆಡಿ 1993ರಲ್ಲಿ ಇಂಗ್ಲೆಂಡಿನ ಆಟಗಾರರೇ ಆರಿಸೋ ವರ್ಷದ ಆಟಗಾರ ಆದ. ದೇಶಕ್ಕ 83 ಮ್ಯಾಚ್ ಆಡಿದ. ಕೂಸಿದ್ದಾಗ ಯಾರ ಕಣ್ಣಿಗೂ ಬೀಳಬಾರದು ಅಂತ ಬಚ್ಚಿಟ್ಟ ಸಮಾಜ, ಗೆದ್ದಾಗ ಸ್ಟೇಡಿಯಂ ತುಂಬ ಅವನ ಹೆಸರು ಹಾಡಿತು. ಹಾಡಿದ್ದು ಖರೆ. ಆದರ ಬಾಲ್ಯ ಯಾರು ವಾಪಸ್ ಕೊಟ್ರು?

ಈಗ ಡಬ್ಲಿನ್ ಬಿಡ್ರಿ, ಧಾರವಾಡಕ್ಕ ಬರ್ರಿ.

ಪಾಲ್ವಣಕರ್ ಬಾಳೂ. 1876ರಲ್ಲಿ ಧಾರವಾಡದಾಗ ಹುಟ್ಟಿದವರು, ಚಮ್ಮಾರ ಜಾತಿಯವರು. ಅವರದು ಕ್ರಿಕೆಟ್. ಪುಣೆಯ ಬಿಳಿಯರ ಕ್ಲಬ್ಬಿನಾಗ ತಿಂಗಳಿಗೆ 4 ರೂಪಾಯಿ ಪಗಾರಕ್ಕ ಪಿಚ್ ಕಸ ಹೊಡೆದು, ನೆಟ್ ಕಟ್ಟಿ, ಸಾಹೇಬರಿಗೆ ಬೌಲಿಂಗ್ ಮಾಡ್ತಿದ್ರು. ಬ್ಯಾಟ್ ಮಾತ್ರ ಕೈಗೆ ಕೊಡ್ತಿರಲಿಲ್ಲ. ಬಿಳಿಯರನ್ನ ಸೋಲಿಸಬೇಕಲ್ಲ, ಅದಕ್ಕ ಪುಣೆಯ ಹಿಂದೂ ತಂಡ ಇವರನ್ನ ಕರೆಸಿಕೊಂಡಿತು. ಮೈದಾನದಾಗ ಮೇಲ್ಜಾತಿಯವರೂ ಇವರು ಮುಟ್ಟಿದ ಚೆಂಡು ಮುಟ್ತಿದ್ರು. ಚಹಾದ ಹೊತ್ತಿಗೆ ಅವರು ಒಳಗೆ ಪಿಂಗಾಣಿ ಕಪ್ಪಿನಾಗ ಕುಡೀತಿದ್ರು. ಬಾಳೂ ಹೊರಗ ನಿಂತು ಮಣ್ಣಿನ ಕುಡಿಕೆಯೊಳಗ ಕುಡೀಬೇಕು. ಊಟದ ಎಲೆನೂ ಬೇರೆ.

ಇದು ನನಗ ಪುಸ್ತಕ ಓದಿ ತಿಳಿಯಬೇಕಾದ ಮಾತಲ್ಲ. ಸಾಲಿಯೊಳಗ ನಾನೂ ಕಬಡ್ಡಿ ಆಡಿದಾವ. ರೈಡಿಗೆ ಹೋದ್ರ ನಾಲ್ಕು ಮಂದಿ ಮೈಮೇಲೆ ಬಿದ್ದು ಕಾಲು ಹಿಡೀತಿದ್ರು, ಆಗ ಮೈಲಿಗೆ ಇರಲಿಲ್ಲ. ಆಟ ಮುಗಿದ ಮ್ಯಾಲೆ ಅದೇ ಹುಡುಗರ ಮನಿ ಮುಂದ ಬೊಗಸೆ ಒಡ್ಡಿ ನಿಂತ್ರ ಮೇಲಿಂದ ನೀರು ಸುರೀತಿದ್ರು. ತಂಬಿಗೆ ಕೈಗೆ ತಾಗಬಾರದು ಅಂತ.

1911ರಲ್ಲಿ ಬಾಳೂ ಇಂಗ್ಲೆಂಡಿಗೆ ಹೋಗಿ ಒಂದೇ ಪ್ರವಾಸದಾಗ 114 ವಿಕೆಟ್ ತಗೊಂಡ್ರು. ತಂಡದ ಉಳಿದವರು ಸೋತು ಸುಣ್ಣ ಆಗಿದ್ರು. ನಮ್ಮ ಜನ ಹೆಮ್ಮೆಯಿಂದ ಸನ್ಮಾನ ಮಾಡಿದ್ರು, ಬಾಬಾಸಾಹೇಬರಿಗೂ ಅವರ ಮ್ಯಾಲೆ ಬಹಳ ಅಭಿಮಾನ ಇತ್ತು. ಆದ್ರ ಹಿಂದೂ ತಂಡದ ಕ್ಯಾಪ್ಟನ್ ಪಟ್ಟ? ಕೊನೀತನಕ ಕೊಡಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ ಕ್ಯಾಪ್ಟನ್ ಆಗೋವರೆಗೂ ಆ ಬಾಗಿಲು ತೆರೀಲಿಲ್ಲ.

ಇನ್ನೊಂದು ಮಾತು ಹೇಳ್ತೀನಿ, ನಮಗೂ ಕಹಿ. 1937ರ ಚುನಾವಣೆಯೊಳಗ ಮುಂಬೈದಾಗ ಬಾಬಾಸಾಹೇಬರ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಇದೇ ಬಾಳೂ ಅವರನ್ನ. ಬಾಬಾಸಾಹೇಬರು ಗೆದ್ರು. ಬಾಳೂ ಅವರನ್ನ ನಾನು ಬೈಯೋದಿಲ್ಲ. ಆದ್ರ ಲೆಕ್ಕ ನೋಡ್ರಿ: ತಂಡಕ್ಕ ಕ್ಯಾಪ್ಟನ್ ಮಾಡಲಾರದ ಸಮಾಜ, ಅಂಬೇಡ್ಕರರನ್ನ ಸೋಲಿಸಲಿಕ್ಕೆ ಕ್ಯಾಂಡಿಡೇಟ್ ಮಾಡಿತು. ನಮ್ಮ ಕೈ ಬೇಕು, ಕಾಲು ಬೇಕು, ಹೆಸರೂ ಬೇಕು. ಅಧಿಕಾರ ಮಾತ್ರ ಕೊಡೂದಿಲ್ಲ.

ಹಾಗಾದ್ರ ನಮ್ಮ ಹುಡುಗರು ಆಡಬಾರದಾ? ಆಡಬೇಕು. ಯಾರ ಚಪ್ಪಾಳೆಗೂ ಕಾಯದಂಗ ಆಡಬೇಕು. ಬೆಂಗಳೂರಿನ ಹಲಸೂರು ಹತ್ತಿರದ ಗೌತಮಪುರ ನೋಡ್ರಿ. ದುಡಿಯೋ ಜನರ, ಬಹುತೇಕ ದಲಿತರ ಕೇರಿ. ಅಲ್ಲಿ ಬುದ್ಧ, ಬಾಬಾಸಾಹೇಬ್, ಮದರ್ ತೆರೇಸಾ ಜೊತೆಗೆ ಫುಟ್‌ಬಾಲ್ ಆಟಗಾರ ಪೆಲೆಯ ಮೂರ್ತಿನೂ ಐತಿ. ತಲೆಮಾರಿನಿಂದ ತಲೆಮಾರಿಗೆ ಫುಟ್‌ಬಾಲ್ ಆಟಗಾರರನ್ನ ಕೊಟ್ಟ ಜಾಗ ಅದು. ಆ ಜನ ಆಟವನ್ನ ವಿಮೋಚನೆಯ ಸಾಲಿನಾಗ ನಿಲ್ಲಿಸ್ಯಾರ.

ನಮ್ಮ ಕಟಕೋಳ, ರಾಮದುರ್ಗ, ಸವದತ್ತಿ ಕಡೆಯ ಗೆಳೆಯರಿಗೆ ಒಂದು ಕೆಲಸ ಹೇಳ್ತೀನಿ. ನಿಮ್ಮೂರಿನ ಹಾಸ್ಟೆಲ್‌ಗೆ ಹೋಗ್ರಿ. ಮೈದಾನ ಐತೇನು? ಹುಡುಗರ ಕಾಲಾಗ ಬೂಟ ಅದಾವೇನು? ಹುಡುಗಿಯರಿಗೆ ಆಡಲಿಕ್ಕೆ ಜಾಗ ಎಲ್ಲೈತಿ? 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ ಹಣದಾಗ ಆಟಕ್ಕ ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ. ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಬರೀಲಿಕ್ಕೆ ಬರಲಿಲ್ಲ ಅಂದ್ರ ನನಗ ಮೆಸೇಜ್ ಮಾಡ್ರಿ. ಗುಮಾಸ್ತಿಕೆ ಮಾಡಿ ಕಲಿತದ್ದು ಇದೊಂದಾದ್ರೂ ಕೇರಿಗೆ ಉಪಯೋಗ ಆಗಲಿ.

ಸಹೋದ್ಯೋಗಿ ಮಿತ್ರರೇ, ಆಟಕ್ಕ ಜಾತಿ ಇಲ್ಲ ಅಂತ ನೀವು ಹೇಳೋ ದಿನಾನೂ ಬರಲಿ. ಅದಕ್ಕೂ ಮೊದಲು ನಮ್ಮ ಹುಡುಗರು ಆಟ ಮುಗಿಸಿ ಬಂದಾಗ ತಂಬಿಗೆ ಅವರ ಕೈಗೇ ಕೊಡ್ರಿ.

ಜೈ ಭೀಮ್.