ವಯಸ್ಸಾದದ್ದು ಯಾವುದಕ್ಕೆ?

ಮೊನ್ನೆ ನಮ್ಮ ಸಂಘದ ಸಭೆಯಲ್ಲಿ ಹಾರ್ನು ಗೊರಗೊರ ಎಂದು ನಿಂತುಹೋಯಿತು. ಹತ್ತು ವರ್ಷ ಗಿರಣಿಯ ಗೇಟಿನ ಮುಂದೆ ನಮ್ಮ ದನಿ ಹೊತ್ತ ಹಾರ್ನು ಅದು. ಅಂಗಡಿಗೆ ಒಯ್ದರೆ, ಅಲ್ಲಿಯವರು ಬಿಚ್ಚಿಯೂ ನೋಡದೆ, “ವಯಸ್ಸಾಯಿತು ಸ್ವಾಮಿ, ಹೊಸದು ಕೊಳ್ಳಿ” ಎಂದರು. ಈ ಮಾತು ನಮಗೆ ಹೊಸದಲ್ಲ. ಮಗ್ಗದ ಮುಂದೆ ಇಪ್ಪತ್ತು ವರ್ಷ ನಿಂತವನನ್ನೂ ಇದೇ ಮಾತು ಹೇಳಿ ಹೊರಗೆ ಹಾಕುತ್ತಾರೆ. ಆದ್ದರಿಂದ ವಯಸ್ಸಾಗುವುದು ಯಾವುದಕ್ಕೆ, ಲಾಭವಾಗುವುದು ಯಾರಿಗೆ ಎಂಬುದನ್ನು ಬಿಚ್ಚಿಯೇ ನೋಡೋಣ.

ಧ್ವನಿವರ್ಧಕದ ಹೊಟ್ಟೆಯಲ್ಲಿ ದೊಡ್ಡ ರಹಸ್ಯವೇನಿಲ್ಲ. 1925ರಲ್ಲಿ ಅಮೆರಿಕೆಯ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರರು ರೂಪಿಸಿದ ಪದ್ಧತಿಯೇ ಮೂಲದಲ್ಲಿ ಇಂದಿಗೂ ನಡೆದಿದೆ. ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ತಾಮ್ರದ ಸುರುಳಿ, ಸುರುಳಿಗೆ ಅಂಟಿದ ಕಾಗದದ ಶಂಕು, ಶಂಕುವನ್ನು ಹಿಡಿದಿರುವ ಅಂಚು. ಇವುಗಳಲ್ಲಿ ತೂಕವೂ ಬೆಲೆಯೂ ಹೆಚ್ಚಾದ ಭಾಗ ಅಯಸ್ಕಾಂತ. ಈಗಿನ ಫೆರೈಟ್ ಅಯಸ್ಕಾಂತವು ಹತ್ತಾರು ವರ್ಷ ದುಡಿದರೂ ಬಲಗುಂದುವುದಿಲ್ಲ. ಕಬ್ಬಿಣದ ಚೌಕಟ್ಟೂ ಹಾಗೆಯೇ. ಸವೆಯುವುದು ಅಲುಗಾಡುವ ಭಾಗ, ಅದೂ ಅಗ್ಗದ ಭಾಗ!

ಅಂಚಿನ ಕಥೆ ಕೇಳಿ. ಮೊದಲು ಶಂಕುವಿನ ಅಂಚು ಮಡಿಸಿದ ಕಾಗದದ್ದೋ ಬಟ್ಟೆಯದೋ ಆಗಿರುತ್ತಿತ್ತು. 1970ರ ದಶಕದಿಂದ ಅನೇಕ ಕಂಪನಿಗಳು ಫೋಮ್ ಹಾಕತೊಡಗಿದವು. ಫೋಮ್ ಹಗುರ, ಮೆದು, ತಗ್ಗಿನ ಸ್ವರಕ್ಕೆ ಒಳ್ಳೆಯದು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಾಳಿಯ ತೇವ ತಾಕಿ ಹತ್ತಿಪ್ಪತ್ತು ವರ್ಷದಲ್ಲಿ ಅದು ಪುಡಿಯಾಗುತ್ತದೆ. ನುಡಿಸದೆ ಕಪಾಟಿನಲ್ಲಿ ಇಟ್ಟರೂ ಪುಡಿಯಾಗುತ್ತದೆ. ಮಾರುವಾಗ ಈ ಮಾತನ್ನು ಗಿರಾಕಿಗೆ ಹೇಳಿದವರೆಷ್ಟು ಮಂದಿ? ಬದಲಿ ಅಂಚನ್ನು ಜಿಲ್ಲೆಯ ಪೇಟೆಗೆ ಕಳುಹಿಸಿದವರೆಷ್ಟು ಮಂದಿ?

ಎರಡನೆಯ ವೈರಿ ಶಾಖ. ಸಾಮಾನ್ಯ ಶಂಕುವಿಗೆ 100 ವ್ಯಾಟ್ ಉಣಿಸಿದರೆ ಶಬ್ದವಾಗುವುದು ಒಂದೆರಡು ವ್ಯಾಟ್ ಮಾತ್ರ; ಉಳಿದದ್ದು ಸುರುಳಿಯಲ್ಲಿ ಬಿಸಿಯಾಗುತ್ತದೆ. ಬಿಸಿಯೇರಿದ ತಾಮ್ರ ವಿದ್ಯುತ್ತಿಗೆ ಹೆಚ್ಚು ಅಡ್ಡಿ ಮಾಡುತ್ತದೆ, ದನಿ ತಗ್ಗುತ್ತದೆ. ದನಿ ತಗ್ಗಿತೆಂದು ಇನ್ನಷ್ಟು ತಿರುಗಿಸುತ್ತಾರೆ, ಬಿಸಿ ಇನ್ನಷ್ಟು ಏರುತ್ತದೆ. ಅಂಟು ಸಡಿಲುತ್ತದೆ, ಸುರುಳಿ ವಾಲಿ ಸಂದಿಯ ಗೋಡೆಗೆ ಉಜ್ಜುತ್ತದೆ. ಆ ಗೊರಗೊರ ಮುಪ್ಪಿನ ನರಳಾಟವಲ್ಲ, ಅತಿದುಡಿಮೆಯ ಗಾಯ. ಗಿರಣಿಯಲ್ಲಿ ವೇಗ ಏರಿಸಿ, ಬಿದ್ದವನನ್ನು ಮುದುಕನೆನ್ನುವ ನ್ಯಾಯವೂ ಇದೇ ಅಲ್ಲವೇ?

ನಮ್ಮವರ ತಪ್ಪನ್ನೂ ಹೇಳಲೇಬೇಕು. ಸಭೆಯ ಉತ್ಸಾಹದಲ್ಲಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಸೀಳಿದ ದನಿಯಲ್ಲೇ ಗಂಟೆಗಟ್ಟಲೆ ಭಾಷಣ ಮಾಡುವವರು, ಹಾರ್ನಿನ ಬಾಯಿ ಮೇಲೆತ್ತಿ ಮಳೆನೀರು ತುಂಬಿಸುವವರು ನಮ್ಮಲ್ಲಿಯೇ ಇದ್ದಾರೆ. ಕೂಗಾಟ ಕ್ರಾಂತಿಯಲ್ಲ.

ನಮ್ಮ ಹಾರ್ನನ್ನು ಕೊನೆಗೆ ಸಂತೆಬೀದಿಯ ಒಬ್ಬ ರಿಪೇರಿಗಾರರು ಬಿಚ್ಚಿದರು. ಹಿಂದಿನ ಸ್ಕ್ರೂ ತೆಗೆದರೆ ಒಳಗೆ ಅಂಗೈಯಗಲದ ಪೊರೆ. ಬಾಗಿ ಬಾಗಿ ಅಂಚಿನಲ್ಲಿ ಸೀಳಿತ್ತು. ಸಂದಿಯ ಧೂಳು ಒರೆಸಿ ಬೇರೆ ಪೊರೆ ಕೂರಿಸಿದರು. ಅರ್ಧ ಗಂಟೆಯ ಕೆಲಸ. ಅಯಸ್ಕಾಂತ ಹೊಸದರಂತೆಯೇ ಇತ್ತು!

2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಜಾಲತಾಣವನ್ನು ತೆರೆಯಿತು. ಒಳ್ಳೆಯದೇ. ಆದರೆ ಜಾಲತಾಣದಿಂದ ಹಾರ್ನು ಮಾತಾಡುವುದಿಲ್ಲ. ಬದಲಿ ಪೊರೆ, ಅಂಚು, ಸುರುಳಿಗಳು ನ್ಯಾಯಬೆಲೆಗೆ ಪೇಟೆಯಲ್ಲಿ ಸಿಗಬೇಕು. ಯಂತ್ರವನ್ನು ಬಿಚ್ಚಲು ಬರುವಂತೆ ಕಟ್ಟಬೇಕು. ಯಾವ ಭಾಗ ಎಷ್ಟು ವರ್ಷ ಬಾಳುತ್ತದೆಂದು ಮಾರುವಾಗಲೇ ಬರೆದುಕೊಡಬೇಕು. ಇದು ಸಂಘದ ಹಾರ್ನಿನ ಪ್ರಶ್ನೆ ಮಾತ್ರವಲ್ಲ. ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು ಬದುಕುವ ಚಿಕ್ಕ ವ್ಯಾಪಾರಿಯ, ಅಂಟಿನ ಡಬ್ಬಿ ಹಿಡಿದು ಕೂತ ರಿಪೇರಿಗಾರನ ಅನ್ನದ ಪ್ರಶ್ನೆ.

ಬಂಧುಗಳೇ, ಇನ್ನು ಮುಂದೆ ಯಾರಾದರೂ “ವಯಸ್ಸಾಯಿತು” ಎಂದರೆ ಒಂದೇ ಮಾತು ಕೇಳಿ: “ಯಾವ ಭಾಗಕ್ಕೆ? ಬಿಚ್ಚಿ ತೋರಿಸಿ.” ಬರುವ ಭಾನುವಾರ ಗೇಟಿನ ಮುಂದೆ ಅದೇ ಹಳೆಯ ಹಾರ್ನು ಮಾತಾಡಲಿದೆ. ಬಂದು ಕೇಳಿ.